ಟಾಮ್‌ನ ಪಿಯಾನೋ ಕಚೇರಿ: ಯಾರದ್ದು ಮೊದಲು, ಬೆಕ್ಕಿನದೋ ಮೊಲದ್ದೋ?

ತುಂಗೆಯ ದಡ
ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಬಗೆಹರಿಸಿಕೊಡಿ.

ಮಗಳು ಕೀಬೋರ್ಡ್ ಕ್ಲಾಸಿಗೆ ಸೇರಿ ಎಂಟು ತಿಂಗಳಾಯಿತು. ಈಚೆಗೆ ಅಭ್ಯಾಸಕ್ಕೆ ಕೂರು ಅಂದರೆ ಮುಖ ಊದಿಸ್ತಾಳೆ. ಮೊನ್ನೆ ಭಾನುವಾರ ಬೇರೇನೂ ತೋಚದೆ ಟಾಮ್ ಅಂಡ್ ಜೆರ್ರಿಯ ‘ದಿ ಕ್ಯಾಟ್ ಕನ್ಸರ್ಟೋ’ ಹಾಕಿಕೊಟ್ಟೆ. ಟಾಮ್ ಬಾಲದ ಕೋಟು ತೊಟ್ಟು ವೇದಿಕೆಗೆ ಬಂದು ಪಿಯಾನೋ ನುಡಿಸ್ತಾನಲ್ಲ, ಪಿಯಾನೋ ಒಳಗೆ ತಂತಿ ಬಡಿಯುವ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿಗೆ ಎಚ್ಚರವಾಗಿ ಕಾಟ ಶುರುವಾಗುತ್ತಲ್ಲ, ಅದೇ. ಏಳೆಂಟು ನಿಮಿಷದ್ದು. ಮಗಳು ಒಂದೇ ಸಮನೆ ಮೂರು ಸಲ ನೋಡಿದಳು. ಆಮೇಲೆ ಯಾರೂ ಹೇಳದೆ ಹೋಗಿ ಕೀಬೋರ್ಡ್ ಮುಂದೆ ಕೂತಳು.

ಆ ಖುಷಿಗೆ ಮನೆಯವರ ಗ್ರೂಪಿನಲ್ಲಿ ಹಾಕಿದೆ. ನಮ್ಮ ಭಾವ ತಕ್ಷಣ ಬರೆದರು: “ಅದು ಕದ್ದ ಮಾಲು. ವಾರ್ನರ್‌ನವರ ಬಗ್ಸ್ ಬನ್ನಿ ಮೊಲ ಅದನ್ನೇ ಮೊದಲು ಮಾಡಿತ್ತು. ಟಾಮ್ ಚಿತ್ರದ ಸ್ಟುಡಿಯೋ ಎಂಜಿಎಂನವರು ಎತ್ತಿಕೊಂಡು ಆಸ್ಕರ್ ಹೊಡೆದರು.” ನನಗೆ ನಿಜಕ್ಕೂ ಬೇಜಾರಾಯ್ತು. ಇದು ಹೌದಾ? ತಿಳಿದವರು ಹೇಳಿ.

ಕ್ಯಾರೆಟ್ ಪಕ್ಷ
ನಿಮ್ಮ ಭಾವ ಹೇಳಿದ್ದು ನೂರಕ್ಕೆ ನೂರು ಸರಿ. ಬಗ್ಸ್ ಬನ್ನಿಯ ‘ರ‍್ಯಾಪ್ಸಡಿ ರ‍್ಯಾಬಿಟ್’ ಬಿಡುಗಡೆ 1946ರ ನವೆಂಬರ್ 9. ಟಾಮ್‌ದು 1947ರ ಏಪ್ರಿಲ್ 26. ಎರಡರಲ್ಲೂ ಅದೇ ಸಂಗೀತಗಾರ ಫ್ರಾಂಜ್ ಲಿಸ್ಟ್‌ನ ಎರಡನೇ ಹಂಗೇರಿಯನ್ ರ‍್ಯಾಪ್ಸಡಿ, ಅದೇ ಕೋಟು, ಅದೇ ಪಿಯಾನೋ, ಪಿಯಾನೋದೊಳಗೆ ಅದೇ ಇಲಿ, ಕೊನೆಗೆ ಇಲಿಯದೇ ಗೆಲುವು. ಇನ್ನೇನು ಸಾಕ್ಷಿ ಬೇಕು?

ಹಳೇ ಪ್ರೊಜೆಕ್ಟರ್
ಸ್ವಲ್ಪ ತಡೀರಿ. ತಾರೀಖು ಸರಿಯಾಗಿದೆ, ತೀರ್ಮಾನ ಸರಿಯಿಲ್ಲ. ಆ ಕಾಲದಲ್ಲಿ ಇಂಥ ಒಂದು ಕಾರ್ಟೂನ್ ತಯಾರಾಗೋಕೆ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕಿತ್ತು. ನವೆಂಬರ್‌ನಲ್ಲಿ ಮೊಲದ ಚಿತ್ರ ನೋಡಿ ಏಪ್ರಿಲ್ ಒಳಗೆ ಕಥೆ ಬರೆದು, ಪಿಯಾನೋ ಧ್ವನಿಮುದ್ರಿಸಿ, ಸಾವಿರಾರು ಚಿತ್ರ ಬರೆದು, ಬಣ್ಣ ತುಂಬಿ, ಟೆಕ್ನಿಕಲರ್‌ನಲ್ಲಿ ಪ್ರಿಂಟ್ ಹಾಕಿಸೋದು ಆಗದ ಮಾತು. ಸಾಲದ್ದಕ್ಕೆ ಟಾಮ್‌ಗೆ ಸಿಕ್ಕಿದ್ದು 1946ರ ಸಾಲಿನ ಆಸ್ಕರ್. ಅದನ್ನು ಕೊಟ್ಟದ್ದು 1947ರ ಮಾರ್ಚ್ 13ರಂದು, ಅಂದರೆ ಸಾರ್ವಜನಿಕ ಬಿಡುಗಡೆಗೂ ಮುಂಚೆ. ಚಿತ್ರ ಅಷ್ಟು ಹೊತ್ತಿಗಾಗಲೇ ಮುಗಿದು ಕೈಯಲ್ಲಿತ್ತು. ಬಿಡುಗಡೆ ತಾರೀಖು ಹಿಡಕೊಂಡು ಕಳ್ಳ ಅನ್ನೋಕಾಗಲ್ಲ.

ಕ್ಯಾರೆಟ್ ಪಕ್ಷ
ಹಂಗಾದ್ರೆ ಎರಡೂ ಕಡೆ ಒಂದೇ ಕನಸು ಬಿತ್ತಾ?

ಹಳೇ ಪ್ರೊಜೆಕ್ಟರ್
ಎರಡೂ ಸ್ಟುಡಿಯೋದವರು ಒಬ್ಬರ ಮೇಲೊಬ್ಬರು ಕಳ್ಳತನದ ಆರೋಪ ಹೊರಿಸಿದ್ದಂತೂ ನಿಜ. ಆಸ್ಕರ್ ಕೊಡುವ ಅಕಾಡೆಮಿಯವರಿಗೆ ತೋರಿಸುವಾಗ ಟಾಮ್ ಚಿತ್ರ ಮೊದಲು ಬಂತು, ಆಮೇಲೆ ಮೊಲದ ಚಿತ್ರ ಬಂದಾಗ ಕೂತವರೆಲ್ಲ “ಇದು ಕಾಪಿ” ಅಂದುಕೊಂಡರು ಅಂತ ಒಂದು ಕಥೆ ಇದೆ. ಟೆಕ್ನಿಕಲರ್ ಲ್ಯಾಬಿನಲ್ಲಿ ಡಬ್ಬಿ ಅದಲುಬದಲಾಗಿ ಒಬ್ಬರದ್ದು ಇನ್ನೊಬ್ಬರ ಕೈಗೆ ಸಿಕ್ಕಿತು ಅಂತ ಇನ್ನೊಂದು. ಕಥೆಗಳನ್ನ ಕಥೆ ಅಂತಲೇ ಇಟ್ಟುಕೊಳ್ಳೋಣ.

ದಾಖಲೆಯಲ್ಲಿರೋದು ಇಷ್ಟು. ಮೊಲದ ಚಿತ್ರ ಮಾಡಿದ ಫ್ರಿಜ್ ಫ್ರೆಲೆಂಗ್ 1941ರಲ್ಲೇ ‘ರ‍್ಯಾಪ್ಸಡಿ ಇನ್ ರಿವೆಟ್ಸ್’ ಮಾಡಿದ್ದರು. ಅದರಲ್ಲೂ ಇದೇ ರ‍್ಯಾಪ್ಸಡಿ. ಕಟ್ಟಡ ಕಟ್ಟುವ ಮೇಸ್ತ್ರಿಯೇ ವಾದ್ಯಗೋಷ್ಠಿಯ ನಿರ್ದೇಶಕ, ಇಟ್ಟಿಗೆ ಗಾರೆಯವರೇ ವಾದ್ಯದವರು. ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಮತ್ತೆ ಇದೇ ಫ್ರೆಲೆಂಗ್ 1937ರಲ್ಲಿ ವಾರ್ನರ್ ಬಿಟ್ಟು ಎಂಜಿಎಂಗೆ ಹೋಗಿ, 1939ರಲ್ಲಿ ವಾಪಸ್ ಬಂದವರು. ಆ ಎರಡು ವರ್ಷ, ಆಮೇಲೆ ಟಾಮ್ ಅಂಡ್ ಜೆರ್ರಿ ಮಾಡಿದ ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಇಬ್ಬರೂ ಅದೇ ಎಂಜಿಎಂನಲ್ಲಿದ್ದರು. ಒಂದೇ ಓಣಿಯ ಜನ ಇವರೆಲ್ಲ. ಮಧ್ಯಾಹ್ನ ಒಂದು ಕಡೆ ಆಡಿದ ಮಾತು ಸಂಜೆಗೆ ಇನ್ನೊಂದು ಕಡೆ ಮುಟ್ಟುತ್ತಿದ್ದ ಊರು ಅದು.

ಮಧ್ಯಾಹ್ನದ ನಿದ್ದೆ
1946ರಲ್ಲಿ ನಾಮನಿರ್ದೇಶನ ಆದ ಐದರಲ್ಲಿ ಇನ್ನೊಂದು ಪಿಯಾನೋ ಕಾರ್ಟೂನೂ ಇತ್ತು ಅಂತ ಎಲ್ಲೋ ಓದಿದ ನೆನಪು. ಹೌದಾ?

ಹಳೇ ಪ್ರೊಜೆಕ್ಟರ್
ಹೌದು. ವಾಲ್ಟರ್ ಲ್ಯಾಂಟ್ಜ್ ಸ್ಟುಡಿಯೋದ್ದು. ಆಂಡಿ ಪಾಂಡ ಮತ್ತು ವುಡಿ ವುಡ್‌ಪೆಕರ್ ಸೇರಿ ಶೋಪ್ಯಾನ್‌ನ ಸಂಗೀತ ನುಡಿಸ್ತಾರೆ. ಮೂರು ಸ್ಟುಡಿಯೋ, ಒಂದೇ ವರ್ಷ, ಮೂರು ಪಿಯಾನೋ ಕಚೇರಿ. ಆ ಹೊತ್ತಿಗೆ ಪಿಯಾನೋ ಹುಚ್ಚು ಗಾಳಿಯಲ್ಲೇ ಇತ್ತು. ವಾರ್ನರ್‌ನವರಿಂದ ಆ ವರ್ಷ ನಾಮನಿರ್ದೇಶನಕ್ಕೆ ಬಂದದ್ದು ಬಗ್ಸ್ ಅಲ್ಲ, ಫಾಗ್‌ಹಾರ್ನ್ ಲೆಗ್‌ಹಾರ್ನ್ ಹುಂಜ ಮೊದಲ ಸಲ ಕಾಣಿಸಿಕೊಂಡ ‘ವಾಕಿ ಟಾಕಿ ಹಾಕಿ’.

ಧಾರವಾಡದ ಮಳಿ
ನೀವೆಲ್ಲ ಕಳ್ಳತನದ ಹಿಂದ ಬಿದ್ದೀರಿ, ಸಂಗೀತದ ಮಾತ ಯಾರೂ ತಗೀವಲ್ರಿ. ಲಿಸ್ಟ್ ಈ ಕೃತಿ ಬರದಿದ್ದು 1847ರಾಗ, ಅಚ್ಚಾಗಿದ್ದು 1851ರಾಗ. ಎರಡ ಭಾಗ ಅದಾವು. ಮೊದಲನೇದು ಲಾಸ್ಸನ್, ನಿಧಾನ, ಭಾರ. ಎರಡನೇದು ಫ್ರಿಸ್ಕಾ, ಓಟ. ನಮ್ಮ ಕಡೆ ಕೇಳಿದವರಿಗೆ ಇದು ಹೊಸಾದ್ ಏನಲ್ಲ ನೋಡ್ರಿ, ವಿಳಂಬಿತ ಮುಗದ ಮ್ಯಾಲೆ ದ್ರುತ್ ಹತ್ತಿಧಂಗ. ಶ್ರುತಿನೂ ಹೇಳತೀನಿ, ಸಿ ಶಾರ್ಪ್ ಮೈನರ್, ಅಂದ್ರ ಹಾರ್ಮೋನಿಯಂ ಲೆಕ್ಕದಾಗ ಕಪ್ಪು ಒಂದು.

ಈಗ ಆ ಕಾರ್ಟೂನ್ ಮತ್ತೊಮ್ಮೆ ನೋಡ್ರಿ. ವಿಳಂಬಿತ ಇರೂತನಾ ಟಾಮ್‌ಂದ ರಾಜ್ಯ. ಕಣ್ಣ ಮುಚ್ಚಿ, ಮಾರಿ ಮ್ಯಾಲೆ ಮಾಡಿ, ಗತ್ತಿಲೆ ನುಡಸ್ತಾನ. ಲಯ ಏರಿಧಂಗ ಇಲಿಯ ಕೈ ಮ್ಯಾಲಾಕ್ಕೋತ ಹೊಕ್ಕತಿ. ಕಥಿ ಬರದವರು ಯಾರೂ ಅಲ್ರಿ, ಲಿಸ್ಟ್‌ನ ಬರದಾನ.

ಕಪ್ಪು ಮನೆ ಬಿಳಿ ಮನೆ
ಧಾರವಾಡದವರ ಮಾತಿಗೆ ನನ್ನದೊಂದು ಸೇರಿಕೆ. ಮೈಸೂರಿನಲ್ಲಿ ಹದಿನೆಂಟು ವರ್ಷದಿಂದ ಪಿಯಾನೋ ಹೇಳಿಕೊಡ್ತಾ ಇದ್ದೀನಿ. ಈ ಕಾರ್ಟೂನನ್ನು ಧ್ವನಿ ತೆಗೆದು, ವೇಗ ಕಾಲುಭಾಗಕ್ಕೆ ಇಳಿಸಿ ಮಕ್ಕಳಿಗೆ ತೋರಿಸ್ತೀನಿ. ಯಾಕೆ ಅಂದ್ರೆ ಟಾಮ್‌ನ ಕೈ ಬಹುಪಾಲು ಸರಿಯಾದ ಜಾಗದಲ್ಲೇ ಇರುತ್ತೆ. ಕೆಳಗಿನ ಸ್ವರ ಬಂದಾಗ ಎಡಗೈ ಎಡಕ್ಕೆ ಹೋಗುತ್ತೆ, ಸ್ವರ ಮೇಲೇರಿದಷ್ಟು ಬಲಗೈ ಬಲಕ್ಕೆ ಸರಿಯುತ್ತೆ, ಎರಡು ಸ್ವರ ಹತ್ತಿರ ಇದ್ದಾಗ ಬೆರಳು ಹತ್ತಿರ, ದೂರ ಇದ್ದಾಗ ಅಂಗೈ ಅಗಲ. ಸಿನಿಮಾದಲ್ಲಿ ನಿಜವಾದ ಮನುಷ್ಯರು ಪಿಯಾನೋ ನುಡಿಸೋ ದೃಶ್ಯ ನೋಡಿ, ಮುಕ್ಕಾಲುಪಾಲು ಕಡೆ ನಟರ ಕೈಯೊಂದು ಕಡೆ ಧ್ವನಿಯೊಂದು ಕಡೆ. ಆ ನಟರಿಗಿಂತ ಈ ಬೆಕ್ಕು ಪ್ರಾಮಾಣಿಕ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಲಿಸ್ಟ್ ಈ ಕೃತಿಯ ಕೊನೆಯ ಹತ್ತಿರ ನುಡಿಸುವವರಿಗೆ ಅಂತಲೇ ಒಂದು ಜಾಗ ಬಿಟ್ಟಿದ್ದಾನೆ. ಅಲ್ಲಿ ಕಲಾವಿದರು ತಮ್ಮದೇ ಕಡೆನ್ಸಾ ಕಟ್ಟಿ ನುಡಿಸಬಹುದು. ನಮ್ಮಲ್ಲಿ ಮನೋಧರ್ಮ ಅಂತೀವಲ್ಲ, ಅದಕ್ಕೆ ಜಾಗ. ರಷ್ಯಾದ ಪಿಯಾನೋ ಕಲಾವಿದ ರಾಖ್ಮನಿನೋಫ್ ಕೂಡ ತನ್ನದೊಂದನ್ನು ಕಟ್ಟಿದ್ದ. ಹೊರಗಿನವರು ನುಗ್ಗೋಕೆ ಬಾಗಿಲು ತೆರೆದೇ ಇಟ್ಟ ಕೃತಿ ಇದು. ಜೆರ್ರಿ ಅಲ್ಲಿ ನುಗ್ಗಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ತುಂಗೆಯ ದಡ
@ಕಪ್ಪು ಮನೆ ಬಿಳಿ ಮನೆ ಅಯ್ಯೋ ಮೇಡಂ, ಧ್ವನಿ ತೆಗೆದು ನೋಡೋದು ಹೊಳೆದೇ ಇರಲಿಲ್ಲ. ಇವತ್ತೇ ಮಾಡ್ತೀನಿ.

ಕ್ಯಾರೆಟ್ ಪಕ್ಷ
ಕೈ ಸರಿಯಾಗಿದೆ ಅಂತ ಅಂಕ ಕೊಡೋದಾದ್ರೆ ಮೊಲಕ್ಕೂ ಕೊಡಿ. ಅದರ ಪಿಯಾನೋ ನುಡಿಸಿದ್ದು ಯಾಕೊಬ್ ಗಿಂಪೆಲ್, ದೊಡ್ಡ ಕಚೇರಿ ಕಲಾವಿದ. ಮತ್ತೆ ನಗು? ಬಗ್ಸ್ ಕೈಗವಸು ಒಂದಾದ ಮೇಲೊಂದು ಕಳಚ್ತಾನೇ ಇರ್ತಾನೆ. ಪ್ರೇಕ್ಷಕರಲ್ಲಿ ಒಬ್ಬ ಕೆಮ್ಮುತ್ತಲೇ ಇದ್ದಾಗ ಪಿಸ್ತೂಲು ತೆಗೆದು ಢಂ ಅನ್ನಿಸ್ತಾನೆ. ನುಡಿಸೋ ಮಧ್ಯೆ ಪಿಯಾನೋ ಒಳಗೆ ಫೋನು ಬಾರಿಸುತ್ತೆ. ಎತ್ತಿ, ಫ್ರಾಂಜ್ ಲಿಸ್ಟಾ, ಹೆಸರೇ ಕೇಳಿಲ್ಲ, ರಾಂಗ್ ನಂಬರ್ ಅಂತ ಇಡ್ತಾನೆ. ಅವನದೇ ಕೃತಿ ನುಡಿಸ್ತಾ! ಟಾಮ್ ಚಿತ್ರದಲ್ಲಿ ಇದಕ್ಕೆ ಸಮ ಯಾವುದಿದೆ ತೋರಿಸಿ.

ಫ್ರೇಮ್ 24
ಕ್ಯಾರೆಟ್ ಅವರೇ, ನೀವು ಹೇಳಿದ ಮೂರೂ ತಮಾಷೆ ಸಂಗೀತವನ್ನು ನಿಲ್ಲಿಸಿ ಮಾಡಿದ ತಮಾಷೆ. ಕೆಮ್ಮಿದಾಗ ನಿಲ್ಲಿಸ್ತಾನೆ, ಫೋನ್ ಬಂದಾಗ ನಿಲ್ಲಿಸ್ತಾನೆ. ಚೆನ್ನಾಗಿವೆ, ನಾನೂ ನಕ್ಕಿದ್ದೀನಿ. ಟಾಮ್ ಚಿತ್ರದಲ್ಲಿ ತಮಾಷೆ ನಡೆಯೋದು ಸಂಗೀತದ ಒಳಗೇ. ಜೆರ್ರಿ ಪಿಯಾನೋ ಮನೆಗಳ, ಅಂದರೆ ಕೀಗಳ, ಅಡಿಯಲ್ಲಿ ಓಡ್ತಾನೆ, ಟಾಮ್ ಅವನನ್ನು ಜಜ್ಜೋಕೆ ಬೆರಳು ಓಡಿಸ್ತಾನೆ, ಆ ಬೆರಳೋಟವೇ ಲಿಸ್ಟ್ ಬರೆದ ಸ್ವರಸಾಲು. ಮನೆಗಳ ಜಾಗದಲ್ಲಿ ಇಲಿಬೋನು ಇಟ್ಟಾಗ ನೋಡಿ. ಟಾಮ್‌ನ ಬೆರಳು ಒಂದೆರಡು ಸಲ ತಪ್ಪಿಸಿಕೊಳ್ಳುತ್ತೆ, ಕೊನೆಗೆ ಸಿಕ್ಕಿಬೀಳುತ್ತೆ, ಆ ಏಟೂ ಲೆಕ್ಕಕ್ಕೆ ಸರಿಯಾಗಿ ಬೀಳುತ್ತೆ. ಒಂದು ಹೊಡೆತವೂ ತಾಳದ ಹೊರಗಿಲ್ಲ.

ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸದಲ್ಲಿದ್ದೀನಿ, ಹನ್ನೊಂದು ವರ್ಷ ಆಯ್ತು. ಇಂಥದ್ದು ಹೇಗೆ ಮಾಡ್ತಾರೆ ಅಂತ ಹೇಳ್ತೀನಿ, ಆಗ ಗೊತ್ತಾಗುತ್ತೆ ಕಷ್ಟ. ಫಿಲ್ಮ್ ಓಡೋದು ಸೆಕೆಂಡಿಗೆ 24 ಫ್ರೇಮ್. ಏಳು ನಿಮಿಷ ಅಂದ್ರೆ 10,080 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್‌ಗೆ ಹಿಡಿದರೂ ಒಂದೊಂದು ಪಾತ್ರಕ್ಕೆ ಐದು ಸಾವಿರ ಚಿತ್ರ. ಬೇಗದ ಓಟದಲ್ಲಿ ಎರಡಕ್ಕೆ ಹಿಡಿದರೆ ಸಾಲದು, ಫ್ರೇಮ್‌ಗೊಂದು ಬೇಕು. ಪಿಯಾನೋ ಮೊದಲೇ ಮುದ್ರಿಸಿ, ಯಾವ ಸ್ವರ ಎಷ್ಟನೇ ಫ್ರೇಮ್‌ಗೆ ಬೀಳುತ್ತೆ ಅಂತ ಶೀಟಿನಲ್ಲಿ ಬರೆದುಕೊಂಡು, ಆಮೇಲೆ ಪೆನ್ಸಿಲ್ ಹಿಡಿಯೋದು. ಎರಡು ಫ್ರೇಮ್ ಆಚೀಚೆ ಆದರೂ ಬೆರಳು ಸುಳ್ಳು ಹೇಳ್ತಾ ಇದೆ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತೆ. ಇದನ್ನ ಕಾಗದದ ಮೇಲೆ ಬರೆದವರು ಕೆನೆತ್ ಮ್ಯೂಸ್, ಎಡ್ ಬಾರ್ಜ್, ಇರ್ವೆನ್ ಸ್ಪೆನ್ಸ್. ಈ ಮೂರು ಹೆಸರು ಹೇಳದೆ ಈ ಚಿತ್ರದ ಮಾತು ಮುಗಿಸಬಾರದು.

ನಾನು ಮೊದಲು ಕೆಲಸಕ್ಕಿದ್ದ ಒಂದು ಕಡೆ ಎಲ್ಲ ಚಿತ್ರ ಮುಗಿಸಿ ಕೊಟ್ಟ ಮೇಲೆ ಸಂಗೀತ ಹಾಕ್ತಿದ್ರು. ಹಾಡಿನ ದೃಶ್ಯಕ್ಕೂ ಹಾಗೇ. ಮಕ್ಕಳ ಹಾಡು ಒಂದರಲ್ಲಿ ಆನೆ ತಾಳ ಹಾಕ್ತಿದ್ದದ್ದು ಒಂದು ಕಡೆ, ತಾಳ ಬೀಳ್ತಿದ್ದದ್ದು ಇನ್ನೊಂದು ಕಡೆ. ಮೂರು ರಾತ್ರಿ ನಿದ್ದೆಗೆಟ್ಟು ನಾವೇ ನಾಲ್ಕು ಜನ ಸರಿಮಾಡಿದ್ವಿ. ಆವತ್ತಿಂದ ಕ್ಯಾಟ್ ಕನ್ಸರ್ಟೋ ಮೇಲೆ ನನ್ನ ಗೌರವ ಹತ್ತುಪಟ್ಟಾಯ್ತು.

ಕುಂದಾಪ್ರ ಕಡಲು
ಫ್ರೇಮ್ ಅವರು ಹೇಳಿದ್ದು ಯಕ್ಷಗಾನ ನೋಡಿದವರಿಗೆ ತಟ್ಟನೆ ಅರ್ಥ ಆಗುತ್ತೆ. ವೇಷಧಾರಿಯ ಹೆಜ್ಜೆಗೂ ಚೆಂಡೆಯ ಪೆಟ್ಟಿಗೂ ನಡುವೆ ಕೂದಲು ತೂರಬಾರದು. ತೂರಿದರೆ ಹಿಂದೆ ಕೂತ ಅಜ್ಜನಿಗೂ ತಿಳಿಯುತ್ತೆ. ಒಂದೇ ವ್ಯತ್ಯಾಸ, ನಮ್ಮಲ್ಲಿ ಚೆಂಡೆಯವರು ಹೆಜ್ಜೆ ನೋಡಿ ಅಲ್ಲೇ ಹೊಂದಿಸ್ತಾರೆ. ಇಲ್ಲಿ ಸಂಗೀತ ಮೊದಲೇ ಅಚ್ಚಾಗಿ ಕೂತಿದೆ, ಕುಣಿಯುವವನೇ ಹೊಂದಬೇಕು.

ಎಡಿಸನ್ ಕನ್ನಡಿಗ
ನ್ಯೂಜೆರ್ಸಿಯಿಂದ. ಜೆರ್ರಿ ಸುತ್ತಿಗೆಗಳ ಮೇಲೆ ಕುಣಿಯುವಾಗ ರಾಗ ಇದ್ದಕ್ಕಿದ್ದಂತೆ ಬದಲಾಗಿ ಲಿಸ್ಟ್ ಮಾಯವಾಗಿ ಏನೋ ಜಾಲಿ ಟ್ಯೂನ್ ಬರುತ್ತಲ್ಲ, ಅದು ಯಾವುದು ಅಂತ ಗೊತ್ತಾ ಯಾರಿಗಾದರೂ?

ಹಳೇ ಪ್ರೊಜೆಕ್ಟರ್
‘ಆನ್ ದಿ ಆಚಿಸನ್, ಟೊಪೀಕಾ ಅಂಡ್ ದಿ ಸಾಂಟಾ ಫೆ’. ರೈಲಿನ ಹಾಡು. ಎಂಜಿಎಂನದೇ ‘ದಿ ಹಾರ್ವಿ ಗರ್ಲ್ಸ್’ ಸಿನಿಮಾದ್ದು, ಟ್ಯೂನ್ ಹ್ಯಾರಿ ವಾರೆನ್, ಸಾಹಿತ್ಯ ಜಾನಿ ಮರ್ಸರ್. ಸ್ವಂತ ಮನೆಯ ಹಾಡನ್ನು ಲಿಸ್ಟ್ ಮಧ್ಯೆ ತೂರಿಸಿದ್ದಾರೆ. ಆ ಹಾಡಿಗೂ 1946ರ ಸಾಲಿನ ಅತ್ಯುತ್ತಮ ಗೀತೆಯ ಆಸ್ಕರ್ ಬಂತು. ಒಂದೇ ರಾತ್ರಿ ಹಾಡಿಗೂ ಪ್ರಶಸ್ತಿ, ಅದನ್ನು ಕುಣಿದ ಇಲಿಯ ಚಿತ್ರಕ್ಕೂ ಪ್ರಶಸ್ತಿ.

ಎಡಿಸನ್ ಕನ್ನಡಿಗ
ಅಬ್ಬಾ! ಮೂವತ್ತು ವರ್ಷದಿಂದ ತಲೆಯಲ್ಲಿ ಸುತ್ತುತ್ತಾ ಇತ್ತು ಆ ಟ್ಯೂನ್. ತುಂಬಾ ಥ್ಯಾಂಕ್ಸ್ ಸರ್.

ಅಜ್ಜಿಮನೆ
ನನಗೆ ಇದೆಲ್ಲ ಅಷ್ಟು ತಿಳಿಯಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಬಂದಾಗ ನಮ್ಮ ಬೀದಿಯಲ್ಲಿ ಕೇಬಲ್ ಇದ್ದದ್ದು ಒಂದೇ ಮನೆಗೆ. ನಾವು ಹತ್ತು ಹನ್ನೆರಡು ಹುಡುಗರು ಅವರ ನಡುಮನೆಯಲ್ಲಿ ಚಾಪೆ ಮೇಲೆ. ಇಂಗ್ಲಿಷ್ ಒಂದಕ್ಷರ ಬರದು. ಬೇರೆ ಕಾರ್ಟೂನ್ ಬಂದಾಗ ಯಾರೋ ಒಬ್ಬ ದೊಡ್ಡವನು ಅರ್ಥ ಹೇಳಬೇಕಿತ್ತು. ಟಾಮ್ ಅಂಡ್ ಜೆರ್ರಿ ಬಂದರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಆ ಮನೆಯ ಅಜ್ಜಿಗೆ ಕಣ್ಣು ಮಂಜು. ಅವರು ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಸುಲೀತಾ ಬರೀ ಶಬ್ದ ಕೇಳಿಯೇ “ಬೆಕ್ಕು ಬಿತ್ತು ನೋಡ್ರೋ” ಅನ್ನೋರು. ತಪ್ಪುತ್ತಲೇ ಇರಲಿಲ್ಲ.

ಫ್ರೇಮ್ 24
@ಅಜ್ಜಿಮನೆ ಆ ಅಜ್ಜಿಗೆ ಕಥೆ ಹೇಳಿದ್ದು ಸ್ಕಾಟ್ ಬ್ರಾಡ್ಲಿ. ಎಂಜಿಎಂ ಕಾರ್ಟೂನ್‌ಗಳಿಗೆ 1934ರಿಂದ 1957ರವರೆಗೆ ಸಂಗೀತ ಕೊಟ್ಟವರು. ಬೆಕ್ಕು ಮೆಲ್ಲಗೆ ಹೆಜ್ಜೆ ಇಟ್ಟರೆ ಒಂದು ಸ್ವರ, ಕಣ್ಣು ಪಿಳುಕಿಸಿದರೆ ಒಂದು. 1944ರ ‘ಪುಟ್ಟಿನ್ ಆನ್ ದಿ ಡಾಗ್’ನಲ್ಲಿ ಆಧುನಿಕ ಸಂಗೀತಗಾರ ಷೋನ್‌ಬರ್ಗ್‌ನ ಹನ್ನೆರಡು ಸ್ವರದ ಪದ್ಧತಿಯನ್ನೇ ಬಳಸಿದ್ದಾರೆ. ದೊಡ್ಡ ಸಭಾಂಗಣಗಳಲ್ಲಿ ಜನ ಕೇಳೋಕೆ ಒಪ್ಪದಿದ್ದ ಸಂಗೀತವನ್ನ ಮಕ್ಕಳು ಕಾರ್ಟೂನ್‌ನಲ್ಲಿ ನಗ್ತಾ ಕೇಳಿದರು.

ಮತ್ತೆ ಟಾಮ್ ಏಟು ತಿಂದಾಗ ಕಿರುಚೋದು, ಅದು ಸ್ವತಃ ವಿಲಿಯಂ ಹ್ಯಾನಾ.

ಮಧ್ಯಾಹ್ನದ ನಿದ್ದೆ
ಟಾಮ್ ಅಂಡ್ ಜೆರ್ರಿಗೆ ಒಟ್ಟು ಎಂಟು ಆಸ್ಕರ್ ಅಲ್ವಾ?

ಹಳೇ ಪ್ರೊಜೆಕ್ಟರ್
ಏಳು. 1943, 44, 45, 46, ಆಮೇಲೆ 48, 51, 52. ಮೊದಲ ನಾಲ್ಕು ಸಾಲಾಗಿ. ಕ್ಯಾಟ್ ಕನ್ಸರ್ಟೋ ಆ ನಾಲ್ಕರಲ್ಲಿ ಕೊನೆಯದು. ಡಿಸ್ನಿಯ ಸಿಲ್ಲಿ ಸಿಂಫನಿ ಸರಣಿಗೂ ಏಳೇ.

ಇಲ್ಲಿ ನನಗೆ ಈಗಲೂ ಹೊಟ್ಟೆ ಉರಿಯುವ ವಿಷಯ ಒಂದಿದೆ. ಈ ಪ್ರಶಸ್ತಿಗಳನ್ನು ವೇದಿಕೆ ಹತ್ತಿ ತಗೊಂಡದ್ದು ನಿರ್ಮಾಪಕ ಫ್ರೆಡ್ ಕ್ವಿಂಬಿ. ಹ್ಯಾನಾ, ಬಾರ್ಬೆರಾ ಇಬ್ಬರನ್ನೂ ಜೊತೆಗೆ ಕರೆಯಲಿಲ್ಲ. ಒಬ್ಬ ಕಥೆ ಮತ್ತು ರೇಖೆ, ಇನ್ನೊಬ್ಬ ಲಯ ಮತ್ತು ಲೆಕ್ಕ, ಇಬ್ಬರೂ ಸೇರಿ 1940ರಿಂದ 1958ರವರೆಗೆ 114 ಚಿತ್ರ ಮಾಡಿದರು. ಆಸ್ಕರ್ ಹಿಡಿದು ಫೋಟೋಗೆ ನಿಂತವರು ಬೇರೆ. ಕಳ್ಳತನ ಅಂತ ಹುಡುಕೋದಾದರೆ ಇಲ್ಲಿ ಹುಡುಕಿ.

ಕ್ಯಾರೆಟ್ ಪಕ್ಷ
ಇದಕ್ಕೆ ಮಾತ್ರ ನಾನು ನಿಮ್ಮ ಕಡೆ. ದುಡಿದವನ ಹೆಸರು ಮುಂದೆ ಇರಬೇಕು.

ಮಧ್ಯಾಹ್ನದ ನಿದ್ದೆ
ನಿರ್ಮಾಪಕ ದುಡ್ಡು ತಂದು, ಮೇಲಿನವರ ಹತ್ತಿರ ಮಾತಾಡಿ, ಸ್ಟುಡಿಯೋ ನಡೆಸಿದನಲ್ಲ? ಅವನು ತಗೊಂಡರೆ ತಪ್ಪೇನು? ಆಗಿನ ಪದ್ಧತಿಯೇ ಹಾಗಿತ್ತು.

ಹಳೇ ಪ್ರೊಜೆಕ್ಟರ್
ಪದ್ಧತಿ ಅಂತ ಒಪ್ಪಿದೆ. ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸಿಕೊಂಡರೆ ಪದ್ಧತಿಗೆ ಏನೂ ಊನ ಆಗ್ತಿರಲಿಲ್ಲ.

ನಾಲ್ಕು ಗೋಡೆ
ನಾನೊಂದು ವಿರುದ್ಧ ಮಾತು ಹೇಳ್ತೀನಿ, ಬೈಯಬೇಡಿ. ಆ ಚಿತ್ರದಲ್ಲಿ ಪಿಯಾನೋ ಮುಚ್ಚಳ ಬೆರಳ ಮೇಲೆ ಧಡಾರ್ ಅಂತ ಬೀಳುತ್ತೆ, ಬೋನಿಗೆ ಬೆರಳು ಸಿಗುತ್ತೆ. ನಮ್ಮ ಮನೆಯ ಐದು ವರ್ಷದವನು ಇದನ್ನ ನೋಡಿ ತಂಗಿಯ ಕೈ ಮೇಲೆ ಬೀರು ಡ್ರಾ ತಳ್ಳಿದ. ಉಗುರು ಕಪ್ಪಾಯಿತು. ಹಳೇದು ಅಂದ ಮಾತ್ರಕ್ಕೆ ಎಲ್ಲ ಒಳ್ಳೇದಲ್ಲ.

ಕಪ್ಪು ಮನೆ ಬಿಳಿ ಮನೆ
ಬೈಯೋದೇನಿಲ್ಲ, ಸರಿಯಾದ ಮಾತು. ಮಗುವಿಗೆ ಈಗ ಹೇಗಿದೆ? ಐದು ವರ್ಷದವರನ್ನು ಒಂಟಿಯಾಗಿ ಕೂರಿಸಬೇಡಿ, ಪಕ್ಕದಲ್ಲಿ ಕೂತು ನೋಡಿ. ನನ್ನ ಕ್ಲಾಸಿನಲ್ಲೂ ಏಳು ವರ್ಷ ಆದವರಿಗೆ ಮಾತ್ರ ತೋರಿಸೋದು. ತೋರಿಸುವಾಗ ಮುಚ್ಚಳ ನಿಜವಾಗಿ ಎಷ್ಟು ಭಾರ ಅಂತ ಅವರ ಕೈಯಲ್ಲೇ ಎತ್ತಿಸ್ತೀನಿ.

ನಾಲ್ಕು ಗೋಡೆ
ಈಗ ಸರಿಹೋಗಿದೆ ಮೇಡಂ, ಹೊಸ ಉಗುರು ಬಂತು.

ಎಡಿಸನ್ ಕನ್ನಡಿಗ
ಹಳೇದೆಲ್ಲ ಒಳ್ಳೇದಲ್ಲ ಅನ್ನೋದಕ್ಕೆ ಇನ್ನೊಂದು. ಅದೇ ಸರಣಿಯಲ್ಲಿ ಮುಖ ಕಾಣದ, ಬರೀ ಕಾಲು ಕಾಣುವ ಕರಿಯ ಮನೆಗೆಲಸದ ಹೆಂಗಸಿನ ಪಾತ್ರ ಇದೆಯಲ್ಲ, ಲಿಲಿಯನ್ ರ‍್ಯಾಂಡಾಲ್ಫ್ ದನಿ ಕೊಟ್ಟದ್ದು. ಇಲ್ಲಿ ನನ್ನ ಮಗನ ಸಹಪಾಠಿಗಳ ಜೊತೆ ಕೂತು ನೋಡುವಾಗ ನನಗೆ ಮುಜುಗರ ಆಯ್ತು. ಆ ಕಾಲದ ಬಿಳಿಯರು ಕರಿಯರನ್ನು ಹೇಗೆ ಕಂಡರು ಅನ್ನೋದು ಅಲ್ಲಿ ಹಸಿಹಸಿಯಾಗಿ ಇದೆ. ಆಮೇಲೆ ಟಿವಿಗಾಗಿ ದನಿ ಬದಲಿಸಿದರು. ಕ್ಯಾಟ್ ಕನ್ಸರ್ಟೋದಲ್ಲಿ ಅದು ಯಾವುದೂ ಇಲ್ಲ. ಬೆಕ್ಕು, ಇಲಿ, ಪಿಯಾನೋ ಅಷ್ಟೇ. ಅದಕ್ಕೇ ನಾನು ಮಕ್ಕಳ ಹುಟ್ಟುಹಬ್ಬಕ್ಕೆ ಯೋಚನೆ ಮಾಡದೆ ಹಾಕೋದು ಇದೊಂದನ್ನೇ.

ಧಾರವಾಡದ ಮಳಿ
ಇದನ್ನ ನೋಡಿ ಪಿಯಾನೋ ಹಿಡದವರ ಪೈಕಿ ಲಾಂಗ್ ಲಾಂಗ್ ಇದ್ದಾನ ನೋಡ್ರಿ. ಚೀನಾದ ಶೆನ್ಯಾಂಗ್‌ನಾಂವ, 1982ರಾಗ ಹುಟ್ಟಿದಾಂವ. ಎರಡ ವರ್ಷದ ಕೂಸಿದ್ದಾಗ ಈ ಕಾರ್ಟೂನ್ ನೋಡಿನ ಪಾಶ್ಚಾತ್ಯ ಸಂಗೀತ ಮೊದಲ ಕಿವಿಗೆ ಬಿದ್ದಿದ್ದು ಅಂತ ಅವನ ಹೇಳ್ಯಾನ. ತುಂಗೆಯವರ ಮಗಳು ಒಬ್ಬಾಕಿನ ಅಲ್ರಿ.

ತುಂಗೆಯ ದಡ
ಇದನ್ನ ಮಗಳಿಗೆ ಹೇಳಿದೆ. “ಎರಡು ವರ್ಷದವನಿಗೆ ಕೈ ಎಟುಕುತ್ತಾ?” ಅಂತ ಕೇಳಿದಳು.

ಕ್ಯಾರೆಟ್ ಪಕ್ಷ
ಎಲ್ಲ ಸರಿ. ಆದರೂ ನನ್ನ ಪ್ರಶ್ನೆ ಅಲ್ಲೇ ಉಳೀತು. ಪಿಯಾನೋ ಒಳಗಿಂದ ಇಲಿ ಬರೋದು, ಕೊನೆಯ ಭಾಗವನ್ನ ಇಲಿಯೇ ನುಡಿಸೋದು. ಇಷ್ಟು ಹೋಲಿಕೆ ಗಾಳಿಯಲ್ಲಿ ಬರುತ್ತಾ?

ಫ್ರೇಮ್ 24
ನನ್ನ ಅಭಿಪ್ರಾಯ ಹೇಳ್ತೀನಿ. ಹ್ಯಾನಾ, ಬಾರ್ಬೆರಾ ಹತ್ತಿರ ಬೆಕ್ಕು ಇಲಿ ಬಿಟ್ಟು ಬೇರೆ ಯಾರಿದ್ದರು ಹೇಳಿ? ಅವರು ಕಚೇರಿ ಮಾಡಿದರೆ ಬೆಕ್ಕು ಪಿಯಾನೋ ಮುಂದೆ, ಇಲಿ ಪಿಯಾನೋ ಒಳಗೆ. ಬೇರೆ ದಾರಿಯೇ ಇಲ್ಲ. ಬಗ್ಸ್‌ಗೆ ಎದುರಾಳಿ ಇಲಿಯೇ ಆಗಬೇಕು ಅಂತ ಏನಿತ್ತು? ಅವನಿಗೆ ಎಲ್ಮರ್ ಇದ್ದ, ಡಾಫಿ ಇದ್ದ. ಹಾಗಾಗಿ ಇಲಿಯ ಲೆಕ್ಕ ನೋಡಿದರೆ ಅನುಮಾನ ನಿಮ್ಮ ಮೊಲದ ಕಡೆಗೇ ತಿರುಗುತ್ತೆ.

ಕ್ಯಾರೆಟ್ ಪಕ್ಷ
ಅದೇ ರ‍್ಯಾಪ್ಸಡಿಯನ್ನ 1941ರಲ್ಲೇ ಬಳಸಿದ್ದು ಫ್ರೆಲೆಂಗ್ ಅಂತ ಮೇಲೆ ನಿಮ್ಮವರೇ ಬರೆದಿದ್ದಾರೆ. ಸಂಗೀತದ ಲೆಕ್ಕ ನೋಡಿದರೆ ಅನುಮಾನ ಬೆಕ್ಕಿನ ಕಡೆ. ಇಲಿ ನಿಮ್ಮದು, ರ‍್ಯಾಪ್ಸಡಿ ನಮ್ಮದು.

ಹಳೇ ಪ್ರೊಜೆಕ್ಟರ್
ರ‍್ಯಾಪ್ಸಡಿ ನಿಮ್ಮದೂ ಅಲ್ಲ ಕ್ಯಾರೆಟ್ ಅವರೇ. ಡಿಸ್ನಿಯ ಮಿಕ್ಕಿ 1929ರ ‘ದಿ ಆಪ್ರಿ ಹೌಸ್’ನಲ್ಲೇ ಪಿಯಾನೋ ಮುಂದೆ ಕೂತು ಇದನ್ನು ನುಡಿಸಿದ್ದ. ದೊಡ್ಡ ಸಂಗೀತಗಾರರ ಗತ್ತನ್ನು ಅಣಕಿಸೋದು ಕಾರ್ಟೂನ್‌ಗೆ ಧ್ವನಿ ಬಂದ ದಿನದಿಂದಲೂ ಇದೆ.

ಮತ್ತೆ ಈ ಜಗಳದ ಮುಂದಿನ ಕಥೆ ನಿಮಗೆ ಇಷ್ಟ ಆಗಬಹುದು. ಮೊಲಕ್ಕೆ ಪಿಯಾನೋ ನುಡಿಸಿದ ಯಾಕೊಬ್ ಗಿಂಪೆಲ್ ಇದ್ದಾರಲ್ಲ, ಅವರನ್ನೇ ಎಂಜಿಎಂ ಆಮೇಲೆ ಕರೆಸಿಕೊಂಡಿತು. ‘ಯೋಹಾನ್ ಮೌಸ್’ಗೆ. ವಿಯೆನ್ನಾದಲ್ಲಿ ಸ್ಟ್ರಾಸ್ ಮನೆಯಲ್ಲಿರೋ ಬೆಕ್ಕು ವಾಲ್ಟ್ಜ್ ಕಲಿತು ಇಲಿಯನ್ನ ಕುಣಿಸೋ ಚಿತ್ರ. 1952ರ ಸಾಲಿನ ಆಸ್ಕರ್ ಅದಕ್ಕೇ ಬಂದದ್ದು, ಟಾಮ್ ಜೆರ್ರಿಯ ಏಳನೆಯದು. ಮೊಲದ ಕೈಯೇ ಬೆಕ್ಕಿಗೆ ಕೊನೆಯ ಪ್ರಶಸ್ತಿ ತಂದುಕೊಟ್ಟಿತು.

ಕ್ಯಾರೆಟ್ ಪಕ್ಷ
ಇದು ನನಗೆ ಗೊತ್ತೇ ಇರಲಿಲ್ಲ. ಇವತ್ತು ರಾತ್ರಿ ಎರಡನ್ನೂ ಒಂದಾದ ಮೇಲೊಂದು ಹಾಕಿ ಕಣ್ಣು ಮುಚ್ಚಿ ಬರೀ ಕೈ ಕೇಳ್ತೀನಿ.

ಅಜ್ಜಿಮನೆ
ತುಂಗೆಯ ದಡ ಅಕ್ಕ, ಭಾವನಿಗೆ ಏನು ಹೇಳಿದ್ರಿ?

ತುಂಗೆಯ ದಡ
ಭಾವನಿಗೆ ಈ ಚರ್ಚೆಯನ್ನೇ ಕಳಿಸಿದೆ. ಪ್ರೊಜೆಕ್ಟರ್ ಸರ್ ಬರೆದ ಮಾರ್ಚ್ 13ರ ತಾರೀಖು ಓದಿ, “ಕದ್ದ ಮಾಲು ಅಂದದ್ದು ವಾಪಸ್ ತಗೋತೀನಿ, ಮೊಲ ಹೆಚ್ಚು ನಗಿಸುತ್ತೆ ಅನ್ನೋದನ್ನ ವಾಪಸ್ ತಗೊಳ್ಳಲ್ಲ” ಅಂದರು.

ಮಗಳಿಗೆ ನಿನ್ನೆ ಮೊಲದ್ದನ್ನೂ ತೋರಿಸಿದೆ. ಇಲಿ ಪುಟ್ಟ ಪಿಯಾನೋ ಮುಂದೆ ಕೂತು ಕೊನೆಯ ಭಾಗ ನುಡಿಸಿದಾಗ ಚಪ್ಪಾಳೆ ತಟ್ಟಿದಳು. ಆಮೇಲೆ ಮತ್ತೆ ಟಾಮ್‌ದೇ ಹಾಕು ಅಂದಳು. ಕೊನೆಯಲ್ಲಿ ಟಾಮ್ ಮುಗಿಸಿದೆ ಅಂದುಕೊಂಡು ಉಸಿರು ಬಿಡೋ ಹೊತ್ತಿಗೆ ಜೆರ್ರಿ ಒಳಗೆ ಎರಡು ಸುತ್ತಿಗೆ ಕಿತ್ತು ತಂತಿಗಳ ಮೇಲೆ ತಾನೇ ಬಾರಿಸ್ತಾನಲ್ಲ, ಕೋಟು ಹರಿದು, ಕೂದಲು ಕೆದರಿ, ಟಾಮ್ ಮನೆಗಳ ಮೇಲೆ ಕುಸಿದು ಬೀಳ್ತಾನಲ್ಲ, ಬೆಳಕು ಜೆರ್ರಿ ಮೇಲೆ ಬೀಳುತ್ತಲ್ಲ. ಇದೇ ನಾಲ್ಕನೇ ಸಲ ನೋಡ್ತಿದ್ದವಳು ಇದ್ದಕ್ಕಿದ್ದಂತೆ, “ಅಮ್ಮ, ಪೂರ್ತಿ ನುಡಿಸಿದ್ದು ಟಾಮ್ ಅಲ್ವಾ, ಚಪ್ಪಾಳೆ ಯಾಕೆ ಜೆರ್ರಿಗೆ?” ಅಂದಳು. ಮೇಲೆ ಕ್ವಿಂಬಿಯ ವಿಷಯ ಓದಿದ್ದೆನಲ್ಲ, ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಈಗ ಅವಳಿಗೆ ಆ ರ‍್ಯಾಪ್ಸಡಿಯೇ ಕಲೀಬೇಕಂತೆ. ಎಂಟು ತಿಂಗಳು ಕಲಿತವಳಿಗೆ ಅದು ಆಗುತ್ತಾ ಮೇಡಂ?

ಕಪ್ಪು ಮನೆ ಬಿಳಿ ಮನೆ
ಮೂಲ ಕೃತಿ ಈಗ ಬೇಡ, ಅದಕ್ಕೆ ಹತ್ತು ವರ್ಷ ಅಭ್ಯಾಸ ಮಾಡಿದ ಕೈ ಬೇಕು. ಆದರೆ ಬೇಡ ಅಂತ ಅವಳಿಗೆ ಹೇಳಲೇಬೇಡಿ. ಫ್ರಿಸ್ಕಾ ಭಾಗದಲ್ಲಿ ಎಲ್ಲರಿಗೂ ಗೊತ್ತಿರೋ ಆ ಓಡುವ ಸಾಲು ಇದೆಯಲ್ಲ, ಅದರ ಸರಳ ರೂಪ ಕಲಿಯೋ ಮಕ್ಕಳಿಗೆ ಅಂತಲೇ ಸಿಗುತ್ತೆ, ಕಪ್ಪು ಮನೆ ಹೆಚ್ಚಿಲ್ಲದ ಶ್ರುತಿಗೆ ಇಳಿಸಿರ್ತಾರೆ. ಬಲಗೈ ಮಾತ್ರ. ಎಡಗೈ ಎರಡು ತಿಂಗಳು ತೊಡೆ ಮೇಲಿರಲಿ. ಮೊದಲ ವಾರ ನಾಲ್ಕೇ ನಾಲ್ಕು ಮಾತ್ರೆ, ತಾಳ ಹಾಕುವ ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿ. ಬೆರಳಿನ ನಂಬರ್ ಪೆನ್ಸಿಲ್‌ನಲ್ಲಿ ಬರೆದುಕೊಡಿ. ನಾಲ್ಕನೇ ಬೆರಳು ಎಲ್ಲ ಮಕ್ಕಳಿಗೂ ಸೋಮಾರಿ, ಅದಕ್ಕೆ ಗದರಿಸಬೇಡಿ.

ಧಾರವಾಡದ ಮಳಿ
ಮತ್ತ ಹಾಡಿಸ್ರಿ. ಬಾಯಿಲೆ ಬಂದದ್ದು ಬೆರಳಿಗೆ ಲಗೂ ಬರತೈತಿ.

ತುಂಗೆಯ ದಡ
60 ಅಂದಿದ್ದಕ್ಕೆ ಅವಳು 50ಕ್ಕೆ ಇಡಿಸಿದ್ದಾಳೆ. ಬಾಯಲ್ಲಿ ಹಾಡ್ತಾ ಕೂತಿದ್ದಾಳೆ. ಮೂರನೇ ಮಾತ್ರೆಯವರೆಗೆ ಬಂತು, ನಾಲ್ಕನೇ ಬೆರಳು ನೀವು ಹೇಳಿದ ಹಾಗೇ ಎಡವುತ್ತಾ ಇದೆ.